ಮೈ ಝಾಡಸಬ್ಯಾಡೋ ಕ್ಯಾಪ್ಟಾ

…ಥೂ ನಿನ್ನ! ಮತ್ತ ಝಾಡಿಸಿದ್ಯಾ? ಏನು ಹೇಳೀನಿ ನಾನು? ಮೈಮ್ಯಾಲೆ ನೀರು ಬಿದ್ರೂ ಗಪ್ಪ ನಿಲ್ಲಬೇಕು ಅಂತ ಹೇಳೀನೋ ಇಲ್ಲೋ? ಟಗರು ಅಂದ್ರ ಟಗರೇ ನೀನು, ತಲಿಗೆ ಬರೇ ಕೊಂಬು, ಒಳಗ ಏನಿಲ್ಲ. ಬಾ ಇತ್ಲಾಗ. ಆ ಹುಲ್ಲು ಬಿಡು. ಇನ್ನೊಂದು ಚೊಂಬು ಹಾಕ್ತೀನಿ.

ನೋಡು ಕ್ಯಾಪ್ಟಾ, ನೆಟ್ಟಗ ಕೇಳಿಸ್ಕ. ಬರೋ ಶುಕ್ರವಾರ ಊರಮ್ಮನ ಗುಡಿ ಮುಂದ ಪೂಜಾರಿ ಓಬಳೇಶಪ್ಪ ನಿನ್ನ ಬೆನ್ನಿಗೆ ಹಿಂಗ ಭಂಡಾರದ ನೀರು ಹಾಕ್ತಾನ. ನೀ ಮೈ ಝಾಡಿಸಿದ್ರ ಅಮ್ಮ ಒಪ್ಪಿದ್ಲು ಅಂತ, ಅಲ್ಲಿಗೆ ನಿನ್ನ ಕತಿ ಮುಗೀತು. ಝಾಡಸ್ಲಿಲ್ಲ ಅಂದ್ರ ಅಮ್ಮಗ ಬ್ಯಾಡ ಅಂತ, ಹಗ್ಗ ಬಿಚ್ಚಿ ಕಳಸ್ತಾರ. ಇಷ್ಟೇ ಆಟ. ಹ್ಞೂಂ, ನಿಲ್ಲು… ಅಲ್ಲಾಡಬ್ಯಾಡ… ಅಲ್ಲಾಡ… ಅಯ್ಯಯ್ಯೋ, ನನ್ನ ಮಾರಿಗೆಲ್ಲ ಸಿಡೀತಲ್ಲೋ!

ಯಾಕ ಹಂಗ ದುರುಗುಟ್ಟಿ ನೋಡ್ತಿ? ಹರಕಿ ಹೊತ್ತಾಂವ ನೀನೇ ಅಲ್ಲನು ಅಂತಿಯೇನು? ಹೌದಪಾ, ನಾನೇ. ಆದ್ರ ಯಾಕ ಹೊತ್ತೆ? ನಿನ್ನ ಉಳಸಾಕ! ಹೋದ ತಿಂಗಳು ಕೊಟ್ಟೂರಿನ ನಬೀಸಾಬ್ರು ಬಂದು ನಿನ್ನ ಬೆನ್ನು ಅಮುಕಿ ನೋಡಿದ್ರಲ್ಲ, "ಬಕ್ರೀದಿಗೆ ಕೊಡು ಗಾಳೆಪ್ಪ, ಕೇಳಿದಷ್ಟು ಕೊಡ್ತೀನಿ" ಅಂತ. ನಮ್ಮಾಕಿ ಸುಂಕಮ್ಮ ಆಗ್ಲೇ ನಿನ್ನ ಹಗ್ಗ ಅವರ ಕೈಗೆ ಕೊಡಾಕ ಹೊಂಟಿದ್ಲು. ತಾಯಿ ಸತ್ತ ಮರಿ ನೀನು, ಸೀಸ್ಯಾಗ ಹಾಲು ಕುಡಿಸಿ ಬೆಳಸೀನಿ… ಥಟ್ಟನ ಬಾಯಿಗೆ ಬಂತು ನೋಡು: "ಏ, ಇದು ಹರಕಿ ಟಗರು! ಆರ್‌ಸಿಬಿ ಕಪ್ ಗೆದ್ರ ಊರಮ್ಮಗ ಕೊಡ್ತೀನಿ ಅಂತ ಬೇಡ್ಕಂಡೀನಿ!" ನಬೀಸಾಬ್ರು ದೊಡ್ಡ ಮನುಷ್ಯ, ದೇವ್ರ ಹೆಸರು ಬಂದ ಕೂಡ್ಲೇ ಕೈ ತಗದ್ರು. "ಹಂಗಾರ ಇದಕ್ಕ ಸಾವೇ ಇಲ್ಲ ಬಿಡು" ಅಂತ ನಕ್ಕಂತ ಹೋದ್ರು.

ಏನು? ಟೀಮಿನ ಮ್ಯಾಲೆ ನಂಬಿಕಿ ಇರಲಿಲ್ಲೇನು ಅಂತಿಯಾ? ಛೇ ಛೇ! ಊರಾಗ ಒಂದನೇ ನಂಬರ್ ಫ್ಯಾನ್ ಯಾರು? ಗಾಳೆಪ್ಪ. ವರ್ಷಾ ವರ್ಷಾ "ಈ ಸಲ ಕಪ್ ನಮ್ದೇ" ಅಂತ ಗಂಟ್ಲು ಹರಕಂಡಾಂವ ಯಾರು? ಗಾಳೆಪ್ಪ!

ನೀ ಹುಟ್ಟಾಕಿಂತ ಮೊದ್ಲಿಂದು ಕೇಳು. ಮೂರು ಸಲ ಫೈನಲ್ಲಿಗೆ ಹೋದ್ರು, ಮೂರು ಸಲಾನೂ ಬರಿಗೈಲಿ ಬಂದ್ರು. ಒಂದು ಸಲ ಬರೇ ಎಂಟು ರನ್ನಿಗೆ! ಆವತ್ತು ನಾ ರೊಟ್ಟಿ ಮುಟ್ಲಿಲ್ಲ. ಮರುವರ್ಷ ನಲವತ್ತೊಂಬತ್ತಕ್ಕ ಆಲೌಟ್. ಕುರಿಗೆ ನೀರು ಕುಡಿಸಿ ಬರಾದ್ರಾಗ ಎಲ್ಲಾರೂ ಔಟು, ಟಿವ್ಯಾಗ ಸೋಪಿನ ಜಾಹೀರಾತು. ಹೋದ ವರ್ಷ ಸೋತು ಸೋತು ತಳಕ್ಕ ಬಿದ್ರು, ಆಮ್ಯಾಕ ಆರು ಮ್ಯಾಚು ಸಾಲಾಗಿ ಗೆದ್ರು, ನಮಗೆಲ್ಲ ಆಸಿ ಹಚ್ಚಿ ಮತ್ತ ಮಕಾಡೆ ಬಿದ್ರು. ಆವತ್ತು ಹಟ್ಯಾಗ ಕುಂತು ಅಳಾಕ ಹತ್ತಿದ್ರ ಬಂದು ಕೈ ನೆಕ್ಕಿದಾಂವ ನೀನೊಬ್ಬನೇ. ಸುಂಕಮ್ಮ ಏನಂದ್ಲು ಗೊತ್ತೇನು? "ನಮ್ಮಪ್ಪ ಸತ್ತಾಗ ಇದರಾಗ ಅರ್ಧ ಅತ್ತಿದ್ರೂ ಸಾಕಿತ್ತು" ಅಂದ್ಲು.

ಇಂಥಾ ಟೀಮು, ನೀ ಹರಕಿ ಟಗರಾದ ವರ್ಷಾನೇ ಗೆಲ್ಲಬೇಕೇನೋ! ನಿನ್ನಿ ಗೆದ್ದ ಕೂಡ್ಲೇ ಮೊಬೈಲ್ ಅಂಗಡಿ ಗವಿಸಿದ್ದೇಶ್ ನನ್ನ ಹೆಗಲ ಮ್ಯಾಲೆ ಹೊತ್ಕಂಡು ಕುಣದ. "ಅಣ್ಣಾ, ನಿನ್ನ ಹರಕಿಯಿಂದಾನೇ ಕಪ್ ಬಂತು! ಶುಕ್ರವಾರ ಟಗರು!" ಹಿರೇಹಡಗಲಿಯಿಂದ ಬೀಗರೂ ಬರ್ತಾರಂತ. ಎಲ್ಲಾರೂ ನಗ್ತಿದ್ರು, ನಾ ಅಳ್ತಿದ್ದೆ. ಖುಷಿಗೆ ಅಳ್ತಾನ ಅಂದ್ರು. ಖುಷಿಗೇ ಮತ್ತ!

…ಯಾಕ, ಅಲ್ಲೇನು? ತಲಿ ತಗ್ಗಸಬ್ಯಾಡ. ನಿಲ್ಲು, ಇನ್ನೊಂದು ಚೊಂಬು… ಝಾಡಿಸಿದಿ! ಏ, ಖುಷಿ ಆಗೇತಿ ಅಂದ್ನೆಲ್ಲ! ನಾ ಸುಳ್ಳು ಹೇಳ್ತೀನೇನು? ಕೊನೀ ಓವರಿನ್ಯಾಗ ಪಂಜಾಬಿನವರಿಗೆ ಮೊದ್ಲಿನ ಎರಡು ಬಾಲು ಖಾಲಿ ಹೋದ್ವು. ಎಲ್ಲಾರೂ ಎದ್ದು ಕುಣಿಯಾಕ ಹತ್ತಿದ್ರು. ನಾ ಕಣ್ಣು ಮುಚ್ಚಿ ಕೈ ಮುಗದೆ. ಏನಂತ ಬೇಡ್ಕಂಡೆ? ಗೆಲ್ಲಲಿ ಅಂತ… ಗೆಲ್ಲಲಿ ಅಂತಾನೇ… ಹಂಗ ನೋಡಬ್ಯಾಡೋ! ಆ ಪಂಜಾಬಿನಾಂವ ಸಿಕ್ಸ್ ಎತ್ತಿದಾಗ… ಹೊಡಿ ಮಗನ, ಇನ್ನೊಂದು ಹೊಡಿ ಅಂದೆ! ತಾಯಿ ಊರಮ್ಮಾ, ಇದೊಂದು ಸಲ ಸೋಲಿಸಿಬಿಡವ್ವ, ನಮಗ ರೂಢಿ ಐತಿ ಅಂದೆ. ಇವರು ಗೆಲ್ಲಾಂಗಿಲ್ಲ ಅಂತ ಗೊತ್ತಿದ್ದಕ್ಕೇ ಆ ಹರಕಿ ಹೊತ್ತಿದ್ದು. ಬಾಯಾಗ ಕಪ್ ನಮ್ದು ನಮ್ದು ಅಂತಿದ್ದೆ, ಹೊಟ್ಯಾಗ ಒಂದಿನಾನೂ ನಂಬಿರಲಿಲ್ಲ. ಸಾಕೇನು?

…ಕ್ಯಾಪ್ಟಾ? ನೀರು ಹಾಕಿದ್ನೆಲ್ಲೋ. ಯಾಕ ಸುಮ್ಕ ನಿಂತಿ? ಕಿವೀನೂ ಅಲ್ಲಾಡವಲ್ದು! ತಡಿ, ಇನ್ನೊಂದು ಚೊಂಬು… ಊಹ್ಞೂಂ. ಅಯ್ಯೋ ನಮ್ಮಪ್ಪಾ, ಉಳಕಂಡ್ಯಲ್ಲೋ! ಸುಳ್ಳು ಹರಕಿ ಅಮ್ಮಗ ಬ್ಯಾಡಂತ!

ಅಂದ್ರ… ತಡಿ ತಡಿ. ಶುಕ್ರವಾರ ನೀ ಹಿಂಗ ನಿಂತ್ರ, ಅಮ್ಮ ಯಾಕ ಒಪ್ಪವಲ್ಲಳು ಅಂತ ಓಬಳೇಶಪ್ಪ ಕೇಳ್ತಾನ. ಹರಕಿ ಹೊತ್ತಾಂವ ಎಲ್ಲಾರ ಮುಂದ ತನ್ನ ತಪ್ಪು ಬಾಯಿ ಬಿಡಬೇಕು, ಆಮ್ಯಾಲೇ ಹಗ್ಗ ಬಿಚ್ಚಾದು. ಆ ಕೆಂಪು ಅಂಗಿ ಹುಡುಗ್ರ ಮುಂದ, ಗವಿಸಿದ್ದೇಶನ ಮುಂದ… ಫೈನಲ್ ದಿನ ನಮ್ಮ ಟೀಮು ಸೋಲಲಿ ಅಂತ ಬೇಡ್ಕಂಡಾಂವ ನಾನು ಅಂತ?

ಏನರ ಅನ್ನೋ.

…ಹ್ಞೂಂ. ಆತು ಬಿಡು, ಹೇಳ್ತೀನಿ. ಒದೀತಾರ. ಒದೀಲಿ. ಒದಿಸ್ಕಂಡು ಇಬ್ರೂ ಕೂಡೇ ಮನಿಗೆ ಬರೂಣು.