ಮಾತು ಕಾರಿಗೆ ಹೋಯಿತು

ಕಾರ್ ಸ್ಟೀರಿಯೋ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಹೊರಗೆ ನಿಂತ ಕಾರಿನಲ್ಲಿ, ಏರಿಸಿದ ಗಾಜಿನ ಹಿಂದೆ, ಏಳುಸುತ್ತಿನ ಕೋಟೆಯ ರಾಣಿಯಂತೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ನನ್ನ ಪಕ್ಕ ನಿಂತಿದ್ದ ಅವರ ಮಗನ ಫೋನು ರಿಂಗಾಯಿತು.

"ಹಲೋ... ಹಲೋ! ಏನೂ ಕೇಳಿಸ್ತಿಲ್ವಲ್ರೀ."

"ಈಗಷ್ಟೇ ನಿಮ್ಮ ಫೋನನ್ನ ಕಾರಿನ ಸ್ಟೀರಿಯೋಗೆ ಜೋಡಿಸಿದ್ನಲ್ಲ ಸಾರ್, ಮಾತೆಲ್ಲ ಅಲ್ಲೇ ಬರುತ್ತೆ," ಅಂಗಡಿಯವನು ಹೆಮ್ಮೆಯಿಂದ ಹೇಳಿದ.

"ಅಯ್ಯೋ, ಅಲ್ಲಿ ಅಮ್ಮ ಕೂತಿದಾರೆ! ಆಸ್ಪತ್ರೆಯಿಂದ ಅವರ ರಿಪೋರ್ಟ್ ತರೋಕೆ ಹೋಗಿರೋ ನನ್ನ ಹೆಂಡತಿ ಫೋನಿದು. ಏನಿದ್ರೂ ನಂಗೊಬ್ಬನಿಗೇ ಹೇಳು ಅಂದಿದ್ದೆ. ಕಟ್ ಮಾಡ್ರೀ!"

"ಆ ಕೆಂಪು ಗುಂಡಿ ಒತ್ತಿ ಸಾರ್."

"ಎಲ್ರೀ ಇದೆ ಅದು? ನೀವೇ ಒತ್ತಿ."

ಅಷ್ಟರಲ್ಲಿ ಕಾರಿನ ಗಾಜು ಇಳಿಯಿತು.

"ಮಗಾ, ನೀನೇ ಬಾರೋ. ಅಳಬೇಡ ಕಣೇ ಅಂದ್ರೆ ನಿನ್ನ ಹೆಂಡ್ತಿ ನನ್ನ ಮಾತೇ ಕೇಳ್ತಿಲ್ಲ."

ಮಗ ಫೋನನ್ನು ಗಲ್ಲಾದ ಮೇಲೇ ಬಿಟ್ಟು ಓಡಿದ.