ಬಾಟ್ಲಿಯ ವಾಸನೆ

ನಡುರಾತ್ರಿ ಕಬ್ಬಿಣದ ಕಂಬಿಗೆ ಡ್ರಿಪ್ಪಿನ ಗಾಜಿನ ಬಾಟ್ಲಿ ತಾಗಿ ಟಿಣ್ ಎಂದಿತು. ಬೆನ್ನಿಗೇ ಕೆನ್ನೆಗೆ ಹೊಡೆದ ಸದ್ದು. ಎಪ್ಪತ್ತರ ದಶಕದ ಮಾತು; ದಾವಣಗೆರೆಯ ಆ ಹೆರಿಗೆ ಆಸ್ಪತ್ರೆಯಲ್ಲಿ ನಾನು ಬಾಣಂತಿ ತಂಗಿಯ ಬಳಿ ಎಚ್ಚರವಾಗಿದ್ದೆ. ಪಕ್ಕದ ಮಂಚದ ಬಸುರಿಗೆ ಏಳನೇ ತಿಂಗಳಲ್ಲೇ ನೋವು ಬಂದಿತ್ತು. ಹೊಡೆದವರು ಅವಳ ಅತ್ತೆ. ನರ್ಸು ಓಡಿಬಂದು ಬಾಟ್ಲಿ ತೋರಿಸಿ ಗದರಿದಳು. ಆಮೇಲೆ ಅತ್ತೆ ವರಾಂಡದಲ್ಲಿ ಮಲಗಿದ್ದ ಮಗನನ್ನು ಎಬ್ಬಿಸಿದ್ದು ಕಿಟಕಿಯಿಂದ ಕೇಳಿಸಿತು.

“ಭರಮಣ್ಣ, ಬಾಟ್ಲಿಯಾಗೆ ಸಾರಾಯಿ ಐತೆ ಅಂತ ನಿನಗೆ ಗೊತ್ತಿತ್ತೇನಲೇ?”

“ಸಂಜೀಗೇ ಡಾಕ್ಟ್ರು ಹೇಳಿದ್ರವ್ವ. ಹೊಸಾ ಮದ್ದಂತೆ. ನರಕ್ಕೆ ಬಿಟ್ರೆ ನೋವು ನಿಲ್ತತಂತೆ.”

“ನನಗ್ಯಾಕ ಹೇಳ್ಲಿಲ್ಲ?”

“ಹೆಂಗೆ ಹೇಳ್ಲಿ? ಕುಡಿದು ಬಂದ ಅಪ್ಪಗೆ ಕಟ್ಟೆ ಮ್ಯಾಲೇ ಉಣ್ಣಾಕೆ ಇಕ್ಕಿದಾಕಿ ನೀನು. ಬ್ಯಾಡ ಅಂದುಬಿಟ್ಟಿದ್ರೆ?”

“ಅವಳ ಬಾಯಾಗೆ ವಾಸ್ನೆ ಬಂತು, ಒಬ್ಬಳೇ ನಗ್ತಿದ್ಲು. ಕೈ ಬೀಸಿಬಿಟ್ಟೆ. ತಪ್ಪಾತು ಅತ್ತೆ, ಇನ್ನ ಕುಡಿಯಲ್ಲ ಅಂತ ಕೈ ಮುಗಿದ್ಲಪ್ಪ, ಏನೂ ಕುಡೀದಾಕಿ.”

“ನೋವು?”

“ನಿಂತೈತಂತೆ. ಬೆಳಗಾದ್ರೆ ಮಾಯಕೊಂಡದಿಂದ ಬೀಗಿತ್ತಿ ಬರ್ತಾಳೆ. ಯಾವ ಮಖ ತೋರಿಸ್ಲಿ?”

“ಹೇಳಬ್ಯಾಡ ಬಿಡು. ಅಮಲು ಇಳಿದ್ರೆ ಇವಳಿಗೂ ನೆಪ್ಪಿರಲ್ಲ.”

“ಕೆನ್ನೆ ಮ್ಯಾಲೆ ನನ್ನ ಬಳೆ ಗೀರೈತಲ್ಲೋ.”

“ಮಂಚದ ಕಂಬಿ ತಾಗ್ತು ಅನ್ನು.”

ಬಳೆ ಸದ್ದಾಯಿತು, ಆಕೆ ಎದ್ದರು.

“ಆತು, ಯಾರಿಗೂ ಹೇಳಲ್ಲ. ನೀನು ಕುಡಿದಿಲ್ಲವ್ವ, ಅದು ಮದ್ದು ಅಂತ ಅವಳಿಗೊಂದು ಹೇಳಿಬರ್ತೀನಿ.”

ಆಕೆ ಒಳಗೆ ಬಂದರು. ಪಕ್ಕದ ಮಂಚದ ವಾಸನೆಗೆ ಸಂಜೆಯಿಂದ ಮೂಗಿಗೆ ಒತ್ತಿಕೊಂಡಿದ್ದ ಸೆರಗನ್ನು ನಾನು ಮೆಲ್ಲಗೆ ಇಳಿಸಿದೆ.