ಇಪ್ಪತ್ತಾರು ಡಿಗ್ರಿ

ಗಲ್ಫಿನ ಅಲ್ ಮನ್ಸೂರಾದ ಹೋಟೆಲಿನಲ್ಲಿ ನನ್ನೊಬ್ಬಳ ಊಟ ಕಟ್ಟಿಸಿಕೊಳ್ಳಲು ನಿಂತಿದ್ದೆ. ಮುಂದೆ ನಮ್ಮ ಊರ ಕಡೆಯ ಇಬ್ಬರು: ಮೆಸಯೀದ್ ಪ್ಲಾಂಟಿನ ಸಮವಸ್ತ್ರದಲ್ಲಿದ್ದ ಹಿರಿಯರು, ಜೊತೆಗೊಬ್ಬ ತರುಣ.

“ಮುಂದಿನ ತಿಂಗಳಿಂದ ಬಾಡಿಗೆಯಲ್ಲಿ ಕರೆಂಟ್ ಸೇರುವುದಿಲ್ಲವಂತೆ ರಿತೇಶ್. ಮೀಟರ್ ಹಾಕಿದ್ದಾರೆ.”

“ಹಾಗಾದ್ರೆ ಆ ಖಾಲಿ ರೂಮಿನ ಎಸಿ ಖಲಾಸ್ ಮಾಡಿ ಟೋನಿಯಣ್ಣ. ಪ್ಲಾಂಟಿನಲ್ಲಿ ಎಲ್ಲರಿಗೂ ಕರೆಂಟ್ ಉಳಿಸುವ ಪಾಠ ಹೇಳುವವರು ನೀವೇ.”

“ಅದು ಮಟಿಲ್ಡಾ ಮಲಗುತ್ತಿದ್ದ ರೂಮು.”

“ಅತ್ತಿಗೆ ತೀರಿಕೊಂಡು ವರ್ಷ ಆಯ್ತಲ್ಲ.”

“ಡ್ಯೂಟಿ ಮುಗಿಸಿ ಬಾಗಿಲು ತೆಗೆದರೆ ಎಸಿ ಶಬ್ದ ಕೇಳ್ತದೆ. ಒಳಗೆ ಮಲಗಿದ್ದಾಳೆ ಅಂತ ಅನಿಸ್ತದೆ ಮಾರಾಯ.”



“ಹಾಗಾದ್ರೆ ಎಸಿ ಹದಿನೆಂಟರಲ್ಲಿ ಬೇಡ. ಇಪ್ಪತ್ತಾರಕ್ಕೆ ಇಡಿ. ಬಿಲ್ಲು ಕಡಿಮೆ ಬರ್ತದೆ.”

“ಶಬ್ದ?”

“ಶಬ್ದ ಇರ್ತದೆ.”

ಪಾರ್ಸೆಲ್ ಬಂತು, ಇಬ್ಬರೂ ಹೋದರು. ಇಪ್ಪತ್ತಾರು ಎಂದು ನಾನೂ ನೆನಪಿಟ್ಟುಕೊಂಡೆ, ನನ್ನ ಮನೆಯ ಖಾಲಿ ರೂಮಿಗೆ.